ಪ್ರೊಮಿಥಿಯಸ್: ಸದ್ದಿಲ್ಲ ಅಂದರೆ ಎಲ್ಲಾ ಸರಿಯಿದೆ ಅಂತಲ್ಲ

ಎರಡು ವರ್ಷದಿಂದ ನಮ್ಮ ಕಂಪನಿಯ ಡೇಟಾ ಸೆಂಟರ್ ಕಾಯುತ್ತಿರುವುದು ಪ್ರೊಮಿಥಿಯಸ್, ಅಂದರೆ ಸರ್ವರ್‌ಗಳ ಮೇಲೆ ಕಣ್ಣಿಟ್ಟು, ಏನಾದರೂ ಕೆಟ್ಟರೆ ಕೂಗಿ ಹೇಳುವ ಮಾನಿಟರಿಂಗ್ ಸಾಫ್ಟ್‌ವೇರ್. ಸುಮಾರು 200 ಸರ್ವರ್, ಒಂದಷ್ಟು ನೆಟ್‌ವರ್ಕ್ ಸ್ವಿಚ್, ಎರಡು ಯುಪಿಎಸ್. ಇದಕ್ಕೂ ಮೊದಲು ದುಡ್ಡು ಕೊಟ್ಟು ತಂದ ಒಂದು ಟೂಲ್ ಇತ್ತು, ಹೆಸರು ಬೇಡ ಬಿಡಿ. ಅದು ದಿನಕ್ಕೆ ನೂರಾರು ಮೇಲ್ ಕಳಿಸುತ್ತಿತ್ತು. ನಾವೆಲ್ಲ ಆ ಮೇಲ್‌ಗಳಿಗೆ ಅಂತಲೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ತಳ್ಳಿ, ಹಾಯಾಗಿ ಮರೆತುಬಿಟ್ಟಿದ್ದೆವು. ಹಾಗಾಗಿ ಪ್ರೊಮಿಥಿಯಸ್ ಬಂದಾಗ ನನಗೆ ಬೇಕಿದ್ದದ್ದು ಒಂದೇ: ಇದು ಕೂಗಿದರೆ ನಾನು ಹಾಸಿಗೆಯಿಂದ ಎದ್ದು ಓಡುವಂತಿರಬೇಕು.

ಹಾಡು ಕೇಳಿಸುವ ಸೌಂಡ್‌ಕ್ಲೌಡ್ ಕಂಪನಿಯ ಎಂಜಿನಿಯರುಗಳು 2012ರಲ್ಲಿ ತಮ್ಮ ಕೆಲಸಕ್ಕೆ ಅಂತ ಶುರು ಮಾಡಿದ್ದು ಇದು. ಓಪನ್ ಸೋರ್ಸ್, ಲೈಸೆನ್ಸಿಗೆ ದುಡ್ಡಿಲ್ಲ. ಕೆಲಸ ಮಾಡುವ ರೀತಿ ಬಹಳ ಸರಳ. ಪ್ರತಿ ಸರ್ವರ್‌ನಲ್ಲೂ ನೋಡ್ ಎಕ್ಸ್‌ಪೋರ್ಟರ್ ಅನ್ನುವ ಪುಟ್ಟ ಪ್ರೋಗ್ರಾಂ 9100ನೇ ಪೋರ್ಟ್‌ನಲ್ಲಿ ಕೂತಿರುತ್ತದೆ. ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಸಿಪಿಯು, ಮೆಮೊರಿ, ಡಿಸ್ಕ್ ಎಲ್ಲದರ ಲೆಕ್ಕ ಸಾದಾ ಅಕ್ಷರದಲ್ಲಿ ಕಾಣುತ್ತದೆ. ಪ್ರೊಮಿಥಿಯಸ್ ತಾನೇ ಒಂದೊಂದು ಬಾಗಿಲಿಗೂ ಹೋಗಿ, ಮೀಟರ್ ಓದುವವರ ಹಾಗೆ, 15 ಸೆಕೆಂಡಿಗೋ ನಿಮಿಷಕ್ಕೋ ಒಮ್ಮೆ ಬರೆದುಕೊಂಡು ಬರುತ್ತದೆ. ಬಾಗಿಲು ತೆಗೆಯಲಿಲ್ಲ ಅಂದರೆ ಆ ಸರ್ವರ್ ಹೆಸರಿನ ಮುಂದೆ ಸೊನ್ನೆ. ಎಷ್ಟು ಚೆಂದ ಅಲ್ವಾ?

ನಾನು ಇದಕ್ಕೆ ಮನಸೋತದ್ದು ಡಿಸ್ಕ್ ಅಲರ್ಟ್ ನೋಡಿ. ಹಳೆಯ ಟೂಲ್‌ಗೆ ಗೊತ್ತಿದ್ದದ್ದು ಒಂದೇ ಮಾತು, '80% ತುಂಬಿತು'. ಅದರಿಂದ ಏನುಪಯೋಗ? ಮೂರು ವರ್ಷದಿಂದ 85%ರಲ್ಲೇ ತಣ್ಣಗೆ ಕೂತಿರುವ ಡಿಸ್ಕ್ ನನ್ನ ಬಳಿ ಇದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಈಗ 40% ಇದ್ದು, ಯಾವುದೋ ಲಾಗ್ ಹುಚ್ಚೆದ್ದು ಬೆಳೆದು, ಬೆಳಗಿನ ಜಾವದ ಹೊತ್ತಿಗೆ ಪೂರ್ತಿ ತುಂಬುವ ಡಿಸ್ಕ್‌ನಿಂದ. ಪ್ರೊಮಿಥಿಯಸ್‌ನಲ್ಲಿ ಪ್ರಿಡಿಕ್ಟ್ ಲೀನಿಯರ್ ಅಂತ ಒಂದು ಫಂಕ್ಷನ್ ಇದೆ. ಕಳೆದ ಆರು ಗಂಟೆಯ ಗೆರೆಯನ್ನು ಮುಂದಕ್ಕೆ ಎಳೆದು, ಇದೇ ವೇಗದಲ್ಲಿ ಹೋದರೆ ನಾಲ್ಕು ಗಂಟೆಯಲ್ಲಿ ಜಾಗ ಖಾಲಿಯಾಗುತ್ತದಾ ಅಂತ ಒಂದೇ ಸಾಲಿನಲ್ಲಿ ಕೇಳಬಹುದು. ಈ ಒಂದು ಸಾಲು ನನ್ನ ಎಷ್ಟು ರಾತ್ರಿಗಳ ನಿದ್ದೆ ಉಳಿಸಿದೆ ಅಂತ ಲೆಕ್ಕ ಇಟ್ಟಿಲ್ಲ.

ತಾಪಮಾನದ ಕಥೆಯೂ ಹೀಗೆಯೇ. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಅನ್ನುವುದು ಕೂಲಿಂಗ್ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಸಲಹೆ. 27 ದಾಟಿದ ಮೇಲೆ ಹೇಳುವುದು ದೊಡ್ಡ ವಿಷಯವಲ್ಲ. ಕೂಲಿಂಗ್ ನಿಂತರೆ ಸರ್ವರ್ ತುಂಬಿದ ರ‍್ಯಾಕ್ ಬಿಸಿಯಾಗಲು ಕೆಲವೇ ನಿಮಿಷ ಸಾಕು, ಆದ್ದರಿಂದ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಅನ್ನುವುದರ ಮೇಲೆ ಅಲರ್ಟ್ ಇಟ್ಟಿದ್ದೇವೆ.

ಇನ್ನು ಅಲರ್ಟ್‌ಮ್ಯಾನೇಜರ್. ಇದು ಬೇರೆಯದೇ ಪ್ರೋಗ್ರಾಂ, ಜೊತೆಗೇ ಹಾಕಿಕೊಳ್ಳಬೇಕು. ಒಂದು ರ‍್ಯಾಕ್‌ಗೆ ಕರೆಂಟ್ ಹೋದರೆ ಅದರಲ್ಲಿರುವ 30 ಸರ್ವರ್‌ಗಳೂ ಒಟ್ಟಿಗೆ ಅಳುತ್ತವೆ. ಇದು ಅವನ್ನೆಲ್ಲ ಒಂದೇ ಮೆಸೇಜ್‌ನಲ್ಲಿ ಕಟ್ಟಿ ಕೊಡುತ್ತದೆ. ಸ್ವಿಚ್ ಸತ್ತಿದೆ ಅಂತ ಗೊತ್ತಾದರೆ ಅದರ ಹಿಂದಿರುವವರ ಗೋಳನ್ನು ತಡೆಹಿಡಿಯುವ ಹಾಗೂ ಮಾಡಬಹುದು. ನಮ್ಮ ಹಳೆಯ ಫೋಲ್ಡರ್ ಈಗ ಖಾಲಿ.

ಸರಿ, ಈಗ ಹೊಟ್ಟೆ ಉರಿದ ಕಥೆ. ತಪ್ಪು ನಮ್ಮದೇ, ಮೊದಲೇ ಹೇಳಿಬಿಡುತ್ತೇನೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ಸೇರಿಸಿ ನಡೆಸುವ ಹಾರ್ಡ್‌ವೇರ್ ರೇಡ್ ಕಂಟ್ರೋಲರ್ ಒಳಗೆ ಏನು ನಡೆಯುತ್ತಿದೆ ಅಂತ ನೋಡ್ ಎಕ್ಸ್‌ಪೋರ್ಟರ್‌ಗೆ ತಾನಾಗಿ ಕಾಣುವುದಿಲ್ಲ. ಅದಕ್ಕೆ ಒಂದು ಸ್ಕ್ರಿಪ್ಟ್ ಬರೆದಿದ್ದೆವು. ಅದು ಐದು ನಿಮಿಷಕ್ಕೊಮ್ಮೆ ಕಂಟ್ರೋಲರ್‌ನ್ನು ಕೇಳಿ, ಒಂದು ಫೈಲ್‌ನಲ್ಲಿ ಚೆನ್ನಾಗಿದ್ದರೆ 1, ಕೆಟ್ಟರೆ 0 ಬರೆಯುತ್ತದೆ. ಎಕ್ಸ್‌ಪೋರ್ಟರ್ ಆ ಫೈಲ್ ಓದಿ ಹೇಳುತ್ತದೆ. ಒಂದು ಅಪ್‌ಡೇಟ್ ಆದ ಮೇಲೆ ಆ ಸ್ಕ್ರಿಪ್ಟ್ ಕೆಲಸ ನಿಲ್ಲಿಸಿತು. ಫೈಲ್ ಮಾತ್ರ ಅಲ್ಲೇ ಇತ್ತು, ಅದರಲ್ಲಿ 1 ಅಂತಲೂ ಇತ್ತು. ಲೆಕ್ಕಗಳನ್ನು ಚಿತ್ರವಾಗಿ ತೋರಿಸುವ ಗ್ರಫಾನಾ ಡ್ಯಾಶ್‌ಬೋರ್ಡ್‌ನಲ್ಲಿ ಹಚ್ಚಹಸಿರು. ಒಂಬತ್ತು ದಿನ ಆದ ಮೇಲೆ ಬೇರೆ ಏನೋ ಕೇಬಲ್ ಬದಲಿಸಲು ಒಳಗೆ ಹೋದ ಹುಡುಗ ಫೋನ್ ಮಾಡಿ 'ಸರ್, ಇಲ್ಲೊಂದು ಡಿಸ್ಕ್ ಮೇಲೆ ಕೇಸರಿ ಲೈಟ್ ಉರೀತಿದೆ, ಇದು ಹೀಗೇ ಇರುತ್ತಾ?' ಅಂದ. ಆ ಡಿಸ್ಕ್ ಕೆಟ್ಟಿತ್ತು. ಅದು ರೇಡ್ 5, ಅಂದರೆ ಒಂದು ಡಿಸ್ಕ್ ಹೋದರೆ ಮಾತ್ರ ತಡೆದುಕೊಳ್ಳುವ ಜೋಡಣೆ. ಇನ್ನೊಂದು ಡಿಸ್ಕ್ ಹೋಗಿದ್ದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತಿತ್ತು.

ಪ್ರೊಮಿಥಿಯಸ್ ಸುಳ್ಳು ಹೇಳಲಿಲ್ಲ. ಓದಿದ್ದನ್ನು ಹೇಳಿತು, ಅಷ್ಟೇ. ಆದರೆ ಇದರ ಸ್ವಭಾವ ಗೊತ್ತಿರಬೇಕು. ಲೆಕ್ಕವೇ ಬರದಿದ್ದರೆ ಅದರ ಮೇಲಿಟ್ಟ ಅಲರ್ಟ್ ಕೂಗುವುದಿಲ್ಲ, ಏಕೆಂದರೆ ಹೋಲಿಸಲು ಏನೂ ಇರುವುದಿಲ್ಲ. ಇನ್ನೂ ತಮಾಷೆ ಏನೆಂದರೆ, ಡಿಸ್ಕ್ ತುಂಬುತ್ತಿದೆ ಅಂತ ಕೂಗುತ್ತಿದ್ದ ಸರ್ವರ್ ಪೂರ್ತಿ ಸತ್ತರೆ ಸ್ವಲ್ಪ ಹೊತ್ತಿಗೆ 'ಡಿಸ್ಕ್ ಸಮಸ್ಯೆ ಪರಿಹಾರವಾಗಿದೆ' ಅಂತ ಮೆಸೇಜ್ ಬರಬಹುದು. ಹೆಣಕ್ಕೆ ಜ್ವರ ಇಲ್ಲ ಅಂದ ಹಾಗೆ. ಆದ್ದರಿಂದ ಹಾಕಿಕೊಂಡ ಮೊದಲ ದಿನವೇ ಸರ್ವರ್ ಉತ್ತರ ಕೊಡುತ್ತಿಲ್ಲ ಅನ್ನುವ ಅಲರ್ಟ್ ಬರೆಯಿರಿ, ಮುಖ್ಯವಾದ ಲೆಕ್ಕಗಳಿಗೆ, ಅವು ಬರದೇ ಹೋದರೆ ತಿಳಿಸುವ ಆಬ್ಸೆಂಟ್ ಫಂಕ್ಷನ್ ಬಳಸಿ, ನಮ್ಮ ಥರ ಫೈಲ್ ಮೂಲಕ ಕೊಡುತ್ತಿದ್ದರೆ ಆ ಫೈಲ್ ಕೊನೆಗೆ ಯಾವಾಗ ಬದಲಾಯಿತು ಅನ್ನುವುದನ್ನೂ ಎಕ್ಸ್‌ಪೋರ್ಟರ್ ಹೇಳುತ್ತದೆ, ಅದರ ಮೇಲೂ ಒಂದು ಅಲರ್ಟ್ ಇಡಿ. ನಮ್ಮದು 15 ನಿಮಿಷ ಹಳೆಯದಾದರೆ ಈಗ ಫೋನ್ ಬರುತ್ತದೆ.

ಪ್ರೊಮಿಥಿಯಸ್ಸೇ ಸತ್ತರೆ? ಅದಕ್ಕೂ ಒಂದು ಹಳೆಯ ಉಪಾಯ ಇದೆ. ಯಾವಾಗಲೂ ಕೂಗುತ್ತಲೇ ಇರುವ ಒಂದು ಅಲರ್ಟ್ ಬರೆದು ಹೊರಗಿನ ಒಂದು ಸರ್ವಿಸ್‌ಗೆ ಕಳಿಸುವುದು. ಆ ಕೂಗು ನಿಂತರೆ ಅವರು ನಿಮ್ಮನ್ನು ಎಬ್ಬಿಸುತ್ತಾರೆ.

ಕಿರಿಕಿರಿಗಳೂ ಇವೆ. ಏನೂ ಬದಲಿಸದಿದ್ದರೆ ಲೆಕ್ಕ ಉಳಿಯುವುದು 15 ದಿನ ಮಾತ್ರ. ಕಳೆದ ವರ್ಷ ಈ ತಿಂಗಳು ಹೇಗಿತ್ತು ಅಂತ ಮ್ಯಾನೇಜರ್ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಜಾಸ್ತಿ ದಿನ ಇಡಲು ಸೆಟ್ಟಿಂಗ್ ಇದೆ, ವರ್ಷಗಟ್ಟಲೆ ಬೇಕಾದರೆ ಥಾನೋಸ್ ಥರದ ಇನ್ನೊಂದು ಸಾಫ್ಟ್‌ವೇರನ್ನು ಪಕ್ಕಕ್ಕೆ ಕಟ್ಟಬೇಕು, ಅದು ಬೇರೆಯೇ ಸಂಸಾರ. ಲೆಕ್ಕಗಳಿಗೆ ಅಂಟಿಸುವ ಲೇಬಲ್‌ಗಳಲ್ಲಿ ಯೂಸರ್ ಐಡಿ ಥರದ್ದನ್ನು ತುಂಬಿದರೆ ಮೆಮೊರಿ ನುಂಗಿ ಕೂರುತ್ತದೆ. ಲಾಗಿನ್ ನೀವೇ ಹಾಕಬೇಕು, ಸುಮ್ನೆ ಇನ್‌ಸ್ಟಾಲ್ ಮಾಡಿಬಿಟ್ಟರೆ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ತೆರೆದು ನೋಡಬಹುದು. ಸೆಟ್ಟಿಂಗ್ ಎಲ್ಲವೂ ಯಾಮಲ್ ಅನ್ನುವ ಥರದ ಟೆಕ್ಸ್ಟ್ ಫೈಲ್, ಒಂದು ಸ್ಪೇಸ್ ತಪ್ಪಿದರೆ ಮುಗೀತು.

ಸ್ವಿಚ್, ಯುಪಿಎಸ್ ಕಡೆ ಹೋದರೆ ಇನ್ನೂ ಕಷ್ಟ. ಅವು ಮಾತಾಡುವುದು ಎಸ್‌ಎನ್‌ಎಂಪಿ ಭಾಷೆ. ಮಧ್ಯೆ ದುಭಾಷಿಯ ಹಾಗೆ ಎಸ್‌ಎನ್‌ಎಂಪಿ ಎಕ್ಸ್‌ಪೋರ್ಟರ್ ಇದೆ, ಮಾಮೂಲಿ ಸಾಧನಗಳಿಗೆ ಅದರ ಜೊತೆ ಬರುವ ಫೈಲೇ ಸಾಕು. ಸ್ವಲ್ಪ ಅಪರೂಪದ ಯುಪಿಎಸ್ ಇದ್ದರೆ ಅದರ ಮಿಬ್ ಫೈಲ್‌ಗಳನ್ನು (ಆ ಸಾಧನದಲ್ಲಿ ಯಾವ ಲೆಕ್ಕ ಎಲ್ಲಿದೆ ಅನ್ನುವ ಪಟ್ಟಿ) ಹುಡುಕಿ ತಂದು, ಅವನ್ನು ಓದಿ ಸೆಟ್ಟಿಂಗ್ ಫೈಲ್ ಮಾಡಿಕೊಡುವ ಜನರೇಟರ್ ಅನ್ನುವ ಪ್ರೋಗ್ರಾಂಗೆ ತಿನ್ನಿಸಿದರೆ, ಅದು ಇನ್ನೊಂದು ಮಿಬ್ ಬೇಕು ಅನ್ನುತ್ತದೆ, ಅದನ್ನೂ ತಂದರೆ ಮತ್ತೊಂದು ಅನ್ನುತ್ತದೆ. ನಿಮ್ಮಲ್ಲಿ ಸರ್ವರ್ ಕಮ್ಮಿ, ಇಂಥ ಸಾಧನಗಳೇ ಹೆಚ್ಚು ಅಂದರೆ ಜಬಿಕ್ಸ್ ಅನ್ನುವ ಇನ್ನೊಂದು ಮಾನಿಟರಿಂಗ್ ಟೂಲ್ ನೋಡಿ. ಅದರಲ್ಲಿ ಟೆಂಪ್ಲೇಟ್‌ಗಳು ರೆಡಿ ಸಿಗುತ್ತವೆ, ಸೆಟ್ಟಿಂಗ್ ಎಲ್ಲಾ ಬ್ರೌಸರ್‌ನಲ್ಲೇ ಮಾಡಬಹುದು. ಕಂಟೇನರ್ (ಡಬ್ಬಿಯಲ್ಲಿಟ್ಟ ಹಾಗೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ), ಅವನ್ನು ನಡೆಸುವ ಕುಬರ್ನೆಟೀಸ್, ದಿನಾ ಹುಟ್ಟಿ ಸಾಯುವ ಸರ್ವಿಸ್‌ಗಳು ಇದ್ದರೆ ಮಾತ್ರ ಎರಡನೇ ಯೋಚನೆ ಬೇಡ, ಪ್ರೊಮಿಥಿಯಸ್ ಹಾಕಿ.

5ಕ್ಕೆ 4 ಸ್ಟಾರ್. ಕಡಿಮೆಯಾದ ಆ ಒಂದು ಸ್ಟಾರ್ ನಾನು ಮಿಬ್ ಫೈಲ್ ಹುಡುಕುತ್ತಾ ಕಳೆದ ಶನಿವಾರ, ಭಾನುವಾರದ ಲೆಕ್ಕಕ್ಕೆ.