ಬಣ್ಣದಡಿ ಏನಿದೆ ನೋಡಿ ದುಡ್ಡು ಕೊಡಿ
ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ 1970ರ ಮರ್ಸಿಡಿಸ್ 280 ಎಸ್‌ಎಲ್ ಮಾರಾಟಕ್ಕಿದೆ. ಹೊಸದರಂತೆ ಮಾಡಿದ್ದೇವೆ ಅಂತ ಕೇಳುತ್ತಿರುವುದು ಒಂದೂಕಾಲು ಕೋಟಿ. ಕಣ್ಣು ಕೀಳಲಾಗದಷ್ಟು ಚೆಂದ, ನಿಜ. ನಾನು ಆಯಸ್ಕಾಂತ ಹಿಡಿದೇ ಹೋಗಿದ್ದೆ. ಈ ಕಾರಿನ ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲಿನ ಹೊರತಗಡು ಅಲ್ಯೂಮಿನಿಯಂ. ಅಲ್ಲಿ ಅಂಟಬಾರದು, ಅಂಟಲಿಲ್ಲ. ಬಾಗಿಲ ಕೆಳಗಿನ ಪಟ್ಟಿ ಉಕ್ಕಿನದು. ಅಲ್ಲೂ ಜಾರಿಬಿತ್ತು! ಬಣ್ಣದಡಿ ಗೇಣುದ್ದ ಬರೀ ಪುಟ್ಟಿ. ಮೇಲೆ ಕಾಯಂ ಚಾವಣಿ ಇಲ್ಲದ ಗಾಡಿಗೆ ಬಲವೇ ಆ ಪಟ್ಟಿ, ಹಾಗಾಗಿ ಇದನ್ನು ಸಣ್ಣದೆನ್ನಲಾರೆ. ಆರು ಸಿಲಿಂಡರಿನ 2.8 ಲೀಟರ್ ಎಂಜಿನ್ ಮಾತ್ರ ಅಪ್ಪಟ: ತಣ್ಣಗಿದ್ದಾಗಲೂ ತಕ್ಷಣ ಎದ್ದಿತು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಬಾಷ್ ಇಂಜೆಕ್ಷನ್ ಪಂಪು ತಕರಾರಿಲ್ಲದೆ ಓಡಿತು. ಮಾರುವವರು ತಗಡಿನ ಕೆಲಸ ಬಿಚ್ಚಿ ಮಾಡಿಸಲು ಒಪ್ಪಿ, ತೊಂಬತ್ತು ಲಕ್ಷಕ್ಕೆ ಇಳಿದರೆ ಕೊಳ್ಳಿ. ಕೇಳಿದ ಬೆಲೆಗೆ ಬೇಡವೇ ಬೇಡ.