ಕುವೆಂಪುನಗರದ ಸ್ಪೀಚ್ ಥೆರಪಿ: ನಮ್ಮ ಅನುಭವ

ಮಗನಿಗೆ ಮೂರೂವರೆ ವರ್ಷ. ನೀರು ಬೇಕಾದರೂ, ಹೊರಗೆ ಹೋಗಬೇಕಾದರೂ "ಬಾ ಪುಟ್ಟ, ಊಟ ಮಾಡೋಣ" ಅಂತ ಅಜ್ಜಿಯ ರಾಗದಲ್ಲೇ ಹೇಳುತ್ತಿದ್ದ. ಮೊದಲು ಹೋದ ಕಡೆ, ಈ ಗಿಳಿಪಾಠ ನಿಲ್ಲಿಸಿ ಅಂದರು. ಮನೆಗೆ ಬಂದು ಅತ್ತುಬಿಟ್ಟೆ.

ಇಲ್ಲಿನ ಮೇಡಂ ಹಾಗನ್ನಲಿಲ್ಲ. ಹೀಗೆ ಕೇಳಿದ ಇಡೀ ಮಾತನ್ನೇ ಹಿಡಿದು ಹೇಳೋ ಮಕ್ಕಳು ಮಾತು ಕಲಿಯೋದರಲ್ಲಿ ಒಟ್ಟು ಆರು ಹಂತ ಇದೆಯಂತೆ. ಮೊದಲು ಇಡೀ ಮಾತು ಒಂದೇ ಗಂಟು. ಆಮೇಲೆ ಅದನ್ನೇ ತುಂಡು ಮಾಡಿ ಬೇರೆ ಥರ ಜೋಡಿಸೋದು. ಮೂರನೆಯದರಲ್ಲಿ ಬಿಡಿ ಪದ, ನಾಲ್ಕರಿಂದ ಸ್ವಂತ ವಾಕ್ಯ. ಸುಮ್ನೆ ಪ್ರಶ್ನೆ ಕೇಳ್ತಾ ಇರಬೇಡಿ, "ಹೋಗೋಣ ಬಾ" ಥರ ಜಾಸ್ತಿ ಮಾತಾಡಿ ಅಂದರು.

ಐದು ತಿಂಗಳಾಯಿತು. ಮೊನ್ನೆ ಚಪ್ಪಲಿ ಹಿಡಿದು ಬಂದು "ಬಾ ಪುಟ್ಟ, ಬಸ್ ಹತ್ತೋಣ" ಅಂದ! ಎರಡನೇ ಹಂತ, ಅಲ್ವಾ?

ಶನಿವಾರ ತುಂಬಾ ಕಾಯಬೇಕು. ಬೇರೆ ದಿನ ಹೋಗಿ.