ಕೆಟ್ಟ ಪಿಎಸ್‌ಟಿ ಫೈಲ್‌ಗೆ ಪುಕ್ಕಟೆ ಮದ್ದೇ ವಾಸಿ

ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ ಔಟ್‌ಲುಕ್ ನಮ್ಮ ಮೇಲ್‌ಗಳನ್ನು ಕಂಪ್ಯೂಟರ್‌ನಲ್ಲಿ ತುಂಬಿಡುವ ಫೈಲೇ ಪಿಎಸ್‌ಟಿ. ಅದು ಕೆಟ್ಟರೆ ಯಾವ ಟೂಲ್ ಹಿಡಿಯಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಕ್ಯಾನ್‌ಪಿಎಸ್‌ಟಿಗೆ. ಔಟ್‌ಲುಕ್ ಜೊತೆಗೇ ಬರುವ, ನೋಡಿದರೆ ಯಾವ ಕಾಲದ್ದಪ್ಪಾ ಅನ್ನಿಸುವ ಆ ಪುಟ್ಟ ರಿಪೇರಿ ಟೂಲ್‌ಗೆ. ಅದರ ಎದುರಿಗೆ ನಿಂತದ್ದು ನನ್ನ ತಮ್ಮ ಗಾಬರಿಯಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಒಂದು ಟೂಲ್. ಅದಕ್ಕೆ ಸುರಿದ ದುಡ್ಡಿಗೆ ಯುಪಿಎಸ್‌ಗೆ ಹೊಸ ಬ್ಯಾಟರಿ ಬರುತ್ತಿತ್ತು. ಬ್ಯಾಟರಿ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಆಗೊಂದು ಈಗೊಂದು ಪುಸ್ತಕ. ಮ್ಯಾಟರ್ ಬರುವುದು, ಪ್ರೂಫ್ ಹೋಗುವುದು ಎಲ್ಲ ಮೇಲ್‌ನಲ್ಲೇ. ಖಾತೆ ಪಾಪ್ ರೀತಿಯದು. ಮೇಲ್ ನಮ್ಮ ಕಂಪ್ಯೂಟರ್‌ಗೆ ಇಳಿದ ಮೇಲೆ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಹಾಗಾಗಿ ಇದ್ದದ್ದೆಲ್ಲ ಒಂದೇ ಪಿಎಸ್‌ಟಿ ಫೈಲ್‌ನಲ್ಲಿತ್ತು. ಔಟ್‌ಲುಕ್ ತೆರೆದಿದ್ದಾಗಲೇ ಕರೆಂಟ್ ಹೋಯಿತು. ಮರುದಿನ ಫೈಲ್ ತೆರೆಯಲಿಲ್ಲ.

ನಿಮ್ಮದು ಮೇಲ್ ಸರ್ವರ್‌ನಲ್ಲೇ ಉಳಿಯುವ ಐಮ್ಯಾಪ್ ಅಥವಾ ಎಕ್ಸ್‌ಚೇಂಜ್ ರೀತಿಯ ಖಾತೆಯಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿರುವುದು ಓಎಸ್‌ಟಿ ಫೈಲ್, ಸರ್ವರ್‌ನ ನಕಲು ಅಷ್ಟೇ. ಔಟ್‌ಲುಕ್ ಮುಚ್ಚಿ ಅದರ ಹೆಸರು ಬದಲಿಸಿದರೆ ಮತ್ತೆ ಸರ್ವರ್‌ನಿಂದ ಇಳಿಯುತ್ತದೆ.

ಯಾವ ಟೂಲ್ ಹಿಡಿದರೂ ಒಂದು ಮಾತು. ಮೊದಲು ಫೈಲ್‌ನ ನಕಲು ಬೇರೆ ಡಿಸ್ಕ್‌ಗೆ ಹೋಗಬೇಕು, ರಿಪೇರಿ ನಡೆಯಬೇಕಾದ್ದು ನಕಲಿನ ಮೇಲೆ. ಸ್ಕ್ಯಾನ್‌ಪಿಎಸ್‌ಟಿ ಅದೇ ಫೈಲ್‌ನ ಒಳಗೇ ಕೈಹಾಕಿ ತಿದ್ದುತ್ತದೆ. ರಿಪೇರಿಗೆ ಮುಂಚೆ ಬ್ಯಾಕಪ್ ಮಾಡು ಅನ್ನುವ ಟಿಕ್ ಅದರಲ್ಲೇ ಇದೆ, ಆದರೂ ನಾವಾಗಿ ಜಾಗ ಬದಲಿಸದಿದ್ದರೆ ಆ ಬ್ಯಾಕಪ್ ಕೂರುವುದು ಅದೇ ಡಿಸ್ಕ್‌ನಲ್ಲಿ ಅಲ್ವಾ?

ಈಗ ದುಡ್ಡಿನ ಟೂಲ್ ಕಥೆ. ಡೆಮೊ ನೋಡಿ ನಾವೆಲ್ಲ ಖುಷಿಯಾದೆವು. ಎಡಗಡೆ ಫೋಲ್ಡರ್‌ಗಳು ಮೊದಲಿದ್ದ ಹಾಗೇ. ಬಲಗಡೆ ಮೇಲ್‌ಗಳು, ಸಬ್ಜೆಕ್ಟ್ ಸ್ವಚ್ಛ ಕನ್ನಡದಲ್ಲಿ. 'ಗೃಹಪ್ರವೇಶ ಕಾರ್ಡ್, ಎರಡನೇ ಪ್ರೂಫ್' ಅಂತ ಕಣ್ಣೆದುರಿಗೇ ಇತ್ತು. ತೋರಿಸುವುದು ಉಚಿತ, ಸೇವ್ ಮಾಡುವುದಕ್ಕೆ ಲೈಸೆನ್ಸ್. ತಮ್ಮ ಇದ್ದುದರಲ್ಲಿ ಅಗ್ಗದ್ದನ್ನು ಕೊಂಡ. ಎಕ್ಸ್‌ಪೋರ್ಟ್ ಮುಗಿದ ಮೇಲೆ ನೋಡಿದರೆ ಒಂದರ ಬದಲು ಸಾಲು ಸಾಲು ಪಿಎಸ್‌ಟಿ ಫೈಲ್. ಒಂದೂ 2 ಜಿಬಿ ಮುಟ್ಟಿಲ್ಲ. ಯಾವುದನ್ನು ತೆರೆದರೂ ಕನ್ನಡ ಸಬ್ಜೆಕ್ಟ್ ಇದ್ದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ.

2 ಜಿಬಿ ಅಂದ ತಕ್ಷಣ ಕಾರಣ ಹೊಳೆಯಿತು. ಪಿಎಸ್‌ಟಿಯಲ್ಲಿ ಎರಡು ಮಾದರಿ. ಔಟ್‌ಲುಕ್ 2002ರವರೆಗೆ ಇದ್ದದ್ದು ಆನ್ಸಿ ಮಾದರಿ, 2 ಜಿಬಿ ಅದರ ಮಿತಿ. 2003ರಿಂದ ಕನ್ನಡವೂ ಸೇರಿ ಎಲ್ಲ ಭಾಷೆಯ ಅಕ್ಷರಕ್ಕೂ ಜಾಗವಿರುವ ಯೂನಿಕೋಡ್ ಮಾದರಿ ಬಂತು. 2010ರ ಆವೃತ್ತಿಯಿಂದ ಔಟ್‌ಲುಕ್ ತಾನಾಗಿಯೇ 50 ಜಿಬಿವರೆಗೆ ಬಿಡುತ್ತದೆ. ನಮ್ಮ ಫೈಲ್ ಯೂನಿಕೋಡ್‌ನದೇ. ಆದರೆ ಅಗ್ಗದ ಲೈಸೆನ್ಸ್ ಬರೆದುಕೊಟ್ಟದ್ದು ಆನ್ಸಿ. ಅದರಲ್ಲಿ ಸಬ್ಜೆಕ್ಟ್, ಹೆಸರು ಇವೆಲ್ಲ ವಿಂಡೋಸ್‌ನ ಹಳೆಯ ಕೋಡ್ ಪೇಜ್, ಅಂದರೆ ಕೆಲವೇ ಭಾಷೆಗಳ ಅಕ್ಷರಪಟ್ಟಿಯ ಲೆಕ್ಕದಲ್ಲಿ ಕೂರಬೇಕು. ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲ. ಒಂದೊಂದು ಅಕ್ಷರವೂ ಪ್ರಶ್ನಾರ್ಥಕವಾಗುತ್ತದೆ, ಮತ್ತೆ ಅಕ್ಷರವಾಗುವುದಿಲ್ಲ.

ಮೇಲ್‌ನ ಒಳಗಿನ ಬರಹ ಎಚ್‌ಟಿಎಂಎಲ್ ಆಗಿದ್ದ ಕಡೆ ಬಚಾವಾಗಿತ್ತು. ಅಟ್ಯಾಚ್‌ಮೆಂಟ್‌ಗಳ ಒಳಗೂ ಏನೂ ಕೆಟ್ಟಿರಲಿಲ್ಲ. ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ ಮ್ಯಾಟರ್ ಇದ್ದಂತೆಯೇ ಇತ್ತು. ಹಾಗಾದರೆ ತೊಂದರೆ ಏನು ಅಂತೀರಾ? ಅಟ್ಯಾಚ್‌ಮೆಂಟ್‌ನ ಹೆಸರು. ಗಿರಾಕಿಗಳು ಪಿಡಿಎಫ್‌ಗೆ ಕನ್ನಡದಲ್ಲೇ ಹೆಸರಿಟ್ಟು ಕಳಿಸುತ್ತಾರೆ. ಆ ಹೆಸರೂ ಪ್ರಶ್ನಾರ್ಥಕಗಳ ಸಾಲಾಗಿತ್ತು. ವಿಂಡೋಸ್‌ನಲ್ಲಿ ಫೈಲ್ ಹೆಸರಿನೊಳಗೆ ಪ್ರಶ್ನಾರ್ಥಕ ನಡೆಯುವುದಿಲ್ಲ. ಸೇವ್ ಒತ್ತಿದರೆ ಹೆಸರು ಸರಿಯಿಲ್ಲ ಅನ್ನುತ್ತದೆ. ಒಂದೊಂದಕ್ಕೂ ಕೈಯಾರೆ ಹೊಸ ಹೆಸರು ಕೊಟ್ಟು ಇಳಿಸಬೇಕು. ಹುಡುಕುವುದಂತೂ ಕನಸಿನ ಮಾತು. 'ಲಗ್ನ' ಅಂತ ಹುಡುಕಿದರೆ ಸಬ್ಜೆಕ್ಟ್‌ನಲ್ಲಿ ಸಿಗಲು ಅಲ್ಲಿ ಅಕ್ಷರವೇ ಇಲ್ಲವಲ್ಲ. ಯೂನಿಕೋಡ್ ಎಕ್ಸ್‌ಪೋರ್ಟ್ ಬೇಕಾದರೆ ಅದಕ್ಕಿಂತ ಮೇಲಿನ ಲೈಸೆನ್ಸ್ ಅಂತೆ. ಡೆಮೊದಲ್ಲಿ ಕನ್ನಡ ತೋರಿಸುವಾಗ ಈ ಮಾತು ಎಲ್ಲೂ ಇರಲಿಲ್ಲ.

ಸ್ಕ್ಯಾನ್‌ಪಿಎಸ್‌ಟಿಗೆ ಈ ಥಳುಕು ಇಲ್ಲ. ಸ್ಟಾರ್ಟ್ ಮೆನುವಿನಲ್ಲೂ ಸಿಗುವುದಿಲ್ಲ, ಆಫೀಸ್ ಇನ್‌ಸ್ಟಾಲ್ ಆದ ಫೋಲ್ಡರ್‌ನಲ್ಲಿ ಹುಡುಕಬೇಕು. ಔಟ್‌ಲುಕ್ ಮುಚ್ಚಿ, ನಕಲು ಫೈಲ್ ಆರಿಸಿ ಬಿಟ್ಟರೆ ಎಂಟು ಹಂತ ಓಡುತ್ತದೆ. ದೊಡ್ಡ ಫೈಲ್ ಆದರೆ ನಡುವೆ ಎಲ್ಲೋ ನಿಂತೇ ಹೋಯಿತೇನೋ ಅನ್ನಿಸುತ್ತದೆ. ನಿಂತಿರುವುದಿಲ್ಲ, ಸುಮ್ನೆ ಬಿಡಿ. ರಾತ್ರಿ ಹಚ್ಚಿ ಮನೆಗೆ ಹೋಗುವ ಕೆಲಸ ಇದು. ಒಂದೇ ಸಲಕ್ಕೆ ಎಲ್ಲ ಸರಿಹೋಗುವುದಿಲ್ಲ, ಇನ್ನು ತಪ್ಪಿಲ್ಲ ಅನ್ನುವವರೆಗೆ ಮತ್ತೆ ಮತ್ತೆ ಓಡಿಸಬೇಕು. ಆಮೇಲೆ ಔಟ್‌ಲುಕ್‌ನಲ್ಲಿ ತೆರೆದರೆ ದಿಕ್ಕಿಲ್ಲದ ಮೇಲ್‌ಗಳು ಲಾಸ್ಟ್ ಆ್ಯಂಡ್ ಫೌಂಡ್ ಅನ್ನುವ ಫೋಲ್ಡರ್‌ನಲ್ಲಿರುತ್ತವೆ. ಹೊಸ ಪಿಎಸ್‌ಟಿ ಮಾಡಿ ಎಲ್ಲವನ್ನೂ ಅದಕ್ಕೆ ಎಳೆದು ಹಾಕಿದೆವು. ಒಂದಷ್ಟು ಮೇಲ್ ಯಾವ ಗಿರಾಕಿಯ ಫೋಲ್ಡರ್‌ನದು ಅಂತ ಕೂತು ವಿಂಗಡಿಸಬೇಕಾಯಿತು. ಆದರೆ ಸಬ್ಜೆಕ್ಟ್ ಕನ್ನಡದಲ್ಲೇ ಇತ್ತು, ವಿಂಗಡಿಸಲಿಕ್ಕೆ ಆಯಿತು.

ಇನ್ನು ಬ್ಯಾಕಪ್. ಹೊಸ ಪಿಎಸ್‌ಟಿಯನ್ನು ಹಾಗೇ ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲಿಸುವುದು ಒಂದು ದಾರಿ. ಔಟ್‌ಲುಕ್ ತೆರೆದಿದ್ದರೆ ಫೈಲ್‌ಗೆ ಬೀಗ ಬಿದ್ದಿರುತ್ತದೆ, ನಕಲು ಆಗುವುದಿಲ್ಲ. ಹೊಸದಾಗಿ ಒಂದೇ ಮೇಲ್ ಬಂದಿದ್ದರೂ ಇಡೀ ಫೈಲ್ ಮತ್ತೆ ಹೋಗಬೇಕು. ಕ್ಲೌಡ್ ಸಿಂಕ್ ಫೋಲ್ಡರ್‌ನಲ್ಲಿ ಇಡುವುದು ಬೇಡವೇ ಬೇಡ. ಒನ್‌ಡ್ರೈವ್‌ನಿಂದ ಪಿಎಸ್‌ಟಿಯನ್ನು ಹೊರಗೆ ತೆಗೆಯುವುದು ಹೇಗೆ ಅಂತ ಮೈಕ್ರೋಸಾಫ್ಟ್‌ನವರೇ ಬರೆದಿಟ್ಟಿದ್ದಾರೆ. ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಬಳಸುವುದಕ್ಕೂ ಅವರ ಬೆಂಬಲ ಇಲ್ಲ. ಮೇಲ್ ಕೂಡಿಡುವ ಮೇಲ್‌ಸ್ಟೋರ್ ಹೋಮ್ ಅನ್ನುವ ಪ್ರೋಗ್ರಾಂ ಚೆನ್ನಾಗಿದೆ, ಆದರೆ ಉಚಿತ ಅನ್ನುವುದು ಮನೆ ಬಳಕೆಗೆ ಮಾತ್ರ, ಅಂಗಡಿಗಲ್ಲ.

ನಾನು ಹಿಡಿದದ್ದು ರೀಡ್‌ಪಿಎಸ್‌ಟಿ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್‌ನ ಟೂಲ್, ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಪಿಎಸ್‌ಟಿ-ಯುಟಿಲ್ಸ್ ಅನ್ನುವ ಪ್ಯಾಕೇಜ್ ಹಾಕಿದರೆ ಬರುತ್ತದೆ. ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಸಾಕಾಯಿತು. ರಿಪೇರಿ ಆದ ಪಿಎಸ್‌ಟಿಯನ್ನು -e ಅನ್ನುವ ಆಯ್ಕೆಯ ಜೊತೆ ಕೊಟ್ಟರೆ ಫೋಲ್ಡರ್ ಫೋಲ್ಡರ್ ಆಗಿ ಒಂದೊಂದು ಮೇಲನ್ನೂ ಬೇರೆ ಬೇರೆ ಇಎಂಎಲ್ ಫೈಲ್ ಮಾಡಿಕೊಡುತ್ತದೆ. ಫೈಲ್ ಹೆಸರು ಬರೀ ನಂಬರ್, ಅದೊಂದು ಕಿರಿಕಿರಿ. ತೆರೆದರೆ ಒಳಗೆ ಕನ್ನಡ ಸರಿಯಾಗಿದೆ. ಥಂಡರ್‌ಬರ್ಡ್ ಅನ್ನುವ ಇನ್ನೊಂದು ಮೇಲ್ ಪ್ರೋಗ್ರಾಂನಲ್ಲೂ ತೆರೆಯುತ್ತದೆ, ಔಟ್‌ಲುಕ್‌ನಲ್ಲೂ ತೆರೆಯುತ್ತದೆ. ಒಂದು ಇಎಂಎಲ್ ಕೆಟ್ಟರೆ ಹೋಗುವುದು ಒಂದೇ ಮೇಲ್. ಚಿಕ್ಕ ಫೈಲ್‌ಗಳು ಜಾಸ್ತಿ ಆದ್ದರಿಂದ ಮೊದಲ ಸಲ ಡಿಸ್ಕ್‌ಗೆ ಹೋಗಲು ಹೊತ್ತು ಹಿಡಿಯುತ್ತದೆ.

ಈಗ ಯುಗಾದಿಗೆ ಒಂದು ಹೊಸ ಪಿಎಸ್‌ಟಿ ಶುರು ಮಾಡುತ್ತೇವೆ, ಹಳೆಯದನ್ನು ಇಎಂಎಲ್ ಮಾಡಿ ಎರಡು ಡಿಸ್ಕ್‌ಗೆ ಹಾಕುತ್ತೇವೆ. ಒಂದು ಪ್ರೆಸ್‌ನಲ್ಲಿ, ಒಂದು ಮನೆಯಲ್ಲಿ. ನಡೆಯುತ್ತಿರುವ ವರ್ಷದ ಪಿಎಸ್‌ಟಿ ಚಿಕ್ಕದಿರುವುದರಿಂದ ಶನಿವಾರ ಬಾಗಿಲು ಹಾಕುವಾಗ ಔಟ್‌ಲುಕ್ ಮುಚ್ಚಿ ಅದನ್ನು ಹಾಗೇ ನಕಲಿಸಿದರೂ ಬೇಗ ಮುಗಿಯುತ್ತದೆ. ಲಿನಕ್ಸ್ ಅಂದರೆ ಕೈ ನಡುಗುವವರಿಗೆ ಈ ದಾರಿ ಹಿಡಿಸಲಿಕ್ಕಿಲ್ಲ. ಅವರು ವರ್ಷಕ್ಕೊಂದು ಪಿಎಸ್‌ಟಿ ಮಾಡಿ ಹಾಗೇ ನಕಲಿಟ್ಟುಕೊಂಡರೂ ನಡೆಯುತ್ತದೆ.

ಸ್ಕ್ಯಾನ್‌ಪಿಎಸ್‌ಟಿ ಫೈಲನ್ನು ಗುರುತಿಸುವುದೇ ಇಲ್ಲ ಅಂದರೆ ಮಾತ್ರ ದುಡ್ಡಿನ ಟೂಲ್ ಕಡೆ ನೋಡಿ. ಆಗಲೂ ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು ಒಂದೇ: ಈ ಲೈಸೆನ್ಸ್‌ನಲ್ಲಿ ಯೂನಿಕೋಡ್ ಪಿಎಸ್‌ಟಿ ಬರೆಯುತ್ತದೋ ಇಲ್ಲವೋ. ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ, ಫೋನಿನಲ್ಲಿ ಬೇಡ.